ಗುಡ್ಡದ ಎಮ್ಮೆಗಳೂ ಒಂದು ತಿದ್ದುಪಡಿಯೂ

ಎಮ್ಮೆ ಎಣಿಸುವುದಕ್ಕೆ ಶೀಘ್ರಲಿಪಿ ಬೇಕಾಗಿಲ್ಲ. ಆದರೂ ಆ ಬೇಸಿಗೆಯಲ್ಲಿ ಆ ಕೆಲಸ ನನ್ನ ಕೊರಳಿಗೇ ಬಿತ್ತು. ಭಾಂಡುಪ್ ಸ್ಟೇಷನ್ನಿನ ಹತ್ತಿರದ ಒಂದೇ ಕೋಣೆಯ ಆಫೀಸಿನಲ್ಲಿ ನಾವಿದ್ದದ್ದು ಇಬ್ಬರೇ, ನಮ್ಮ ಶಾಸಕರು ಮತ್ತು ಅವರ ಸ್ಟೆನೋ ಆದ ನಾನು. ಶಾಸಕರು ಗುಡ್ಡ ಹತ್ತಿದರೆ ಹಿಂದೆ ಐವತ್ತು ಜನ ಬರುತ್ತಾರೆ, ಎಮ್ಮೆಗಳು ಬೆದರುತ್ತವೆ. ನಾನು ಹತ್ತಿದರೆ ನಾಯಿ ಕೂಡ ತಲೆಯೆತ್ತಿ ನೋಡುವುದಿಲ್ಲ.

ಶಾಸಕರನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಚುನಾವಣೆಗೆ ನಿಲ್ಲುವ ಮೊದಲು ಬಹಳ ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಮರಾಠಿಯವರಾದರೂ ಸೊಲ್ಲಾಪುರದ ಕಡೆಯವರಾದ್ದರಿಂದ ತಾಯಿಯಿಂದ ಕಲಿತ ಕನ್ನಡ ಅವರಲ್ಲಿತ್ತು. ಸಿಟ್ಟು ಬಂದಾಗಲೂ ಪ್ರೀತಿ ಉಕ್ಕಿದಾಗಲೂ ನನ್ನೊಡನೆ ಕನ್ನಡಕ್ಕೆ ಇಳಿಯುತ್ತಿದ್ದರು. ಯಾವುದೆಂದು ತಿಳಿಯಲು ಮುಖ ನೋಡಬೇಕಿತ್ತು. ಸರ್ಕಾರದ ಮಸೂದೆಗಳನ್ನು ಹುಡುಗರ ಕಾಪಿ ಪುಸ್ತಕ ತಿದ್ದುವ ಹಾಗೆ ಕೆಂಪು ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ನಾನು ಉಡುಪಿ ಕಡೆಯವನು. ದಾದರಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ ನೈಟ್ ಸ್ಕೂಲಿನಲ್ಲಿ ಓದಿ ಟೈಪಿಂಗ್ ಕಲಿತು ಅವರ ಬಳಿ ಸೇರಿದ್ದೆ. ಹಾಲಿಗೂ ನನಗೂ ಇದ್ದ ಸಂಬಂಧ ಕಾಫಿ ಲೋಟದ ತನಕ ಮಾತ್ರ.

ಆ ವರ್ಷ ನಗರದೊಳಗಿನ ದನ ಎಮ್ಮೆಗಳನ್ನೆಲ್ಲ ಹೊರಕ್ಕೆ ಸಾಗಿಸುವ ಮಸೂದೆಯೊಂದು ಸದನಕ್ಕೆ ಬರಲಿತ್ತು. ಅದರ ಸುದ್ದಿ ಹಬ್ಬಿದ ಒಂದೇ ವಾರದಲ್ಲಿ ಎರಡು ಗುಂಪುಗಳು ನಮ್ಮ ಆಫೀಸಿಗೆ ಬಂದವು. ಮೊದಲು ಬಂದವರು ಖಾಡಿ ಎಂಬ ಸಮುದ್ರದ ಹಿನ್ನೀರಿನ ದಡದ ಕೋಳಿ ಸಮುದಾಯದ ಹೆಂಗಸರು, ಅಂದರೆ ಮೀನು ಹಿಡಿದು ಮಾರುವವರು. ಎಮ್ಮೆ ಕಟ್ಟುವ ತಬೇಲೆಗಳ ಸಗಣಿಯೆಲ್ಲ ನಾಲೆಗೆ ಬಿದ್ದು ನಾಲೆಯಿಂದ ಖಾಡಿಗೆ ಸೇರುತ್ತದೆ, ಬಲೆ ಎಳೆದರೆ ಮೀನಿಗಿಂತ ಸಗಣಿಯೇ ಹೆಚ್ಚು ಬರುತ್ತದೆ ಎಂದು ದೂರಿದರು. ಅವರ ಮುಂದಾಳಾದ ದಪ್ಪ ಹೆಂಗಸು ಮೇಜಿನ ಮೇಲೆ ಒಂದು ಮೀನಿಟ್ಟು ಮಾಸ್ತರರಿಗೆ ಮೂಸಿ ನೋಡಲು ಹೇಳಿದಳು. ಮಾಸ್ತರ್ ಮೂಸಿದರು. ನಾಲೆ ಶುದ್ಧ ಮಾಡಿಸುತ್ತೇನೆಂದು ಮಾತು ಕೊಟ್ಟರು. ಮೇಜು ಒರೆಸಿದವನು ನಾನು.

ಮೂರು ದಿನ ಬಿಟ್ಟು ಗುಡ್ಡದ ಮೇಲಿನ ಎಮ್ಮೆಯವರು ಬಂದರು. ವಿಜಾಪುರ, ಗುಲಬರ್ಗಾ ಕಡೆಯಿಂದ ಕಲ್ಲು ಒಡೆಯಲು, ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು. ಗಂಡಸರು ಕೂಲಿಗೆ ಹೋದರೆ ಹೆಂಗಸರು ಎರಡೋ ಮೂರೋ ಎಮ್ಮೆ ಕಟ್ಟಿ ಹೋಟೆಲುಗಳಿಗೂ ಚಾಳುಗಳಿಗೂ ಹಾಲು ಹಾಕುತ್ತಿದ್ದರು. ಅವರಲ್ಲಿ ಹಿರಿಯಳು ಒಬ್ಬ ವಿಧವೆ, ಎಲ್ಲರ ಬಾಯಲ್ಲೂ ಅವ್ವ. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತು ಹೇಳಿದಳು:

"ನನ್ನ ಗಂಡ ಖಣಿಯೊಳಗ ಸತ್ತಾಗ ಮಂದಿ ಊರಿಗೆ ಹೋಗು ಅಂದ್ರು ಮಾಸ್ತರ. ಈ ಎಮ್ಮಿ ಹೋಗಗೊಡಲಿಲ್ಲ. ಇವನ್ನ ಹೊಡಕೊಂಡು ಹ್ವಾದ್ರ ನಾ ಯಾಕ ಇರಲಿ ಇಲ್ಲಿ?"

ಮಾಸ್ತರ್ ಅವಳಿಗೂ ಮಾತು ಕೊಟ್ಟರು. ಅವರು ಹೋದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ: "ಎಂತ ಮಾಸ್ತರ್ರೇ ಇದು? ಅವರಿಗೆ ನಾಲೆ ಶುದ್ಧ ಆಗ್ಬೇಕು, ಇವರಿಗೆ ಎಮ್ಮೆ ಉಳೀಬೇಕು. ಎರಡೂ ಒಟ್ಟಿಗೆ ಹೇಗೆ ಆಗ್ತದೆ?"

"ಅದಕ್ಕss ಅಲ್ಲೇನು ನನ್ನ ಆರಿಸಿ ಕಳಿಸಿದ್ದು? ಒಂದ ಆಗೂದಿದ್ರ ಅವರ ಮಾಡಕೋತಿದ್ರು," ಎಂದರು. ಮುಖ ನೋಡಿದೆ. ಸಿಟ್ಟಿರಲಿಲ್ಲ.

ಅವರ ಯೋಚನೆ ಸರಳವಾಗಿತ್ತು. ನಾಲೆ ಕೆಡಿಸುವುದು ನೂರಾರು ಎಮ್ಮೆ ಕಟ್ಟಿ ನೀರು ಹಾಯಿಸಿ ಸಗಣಿ ತೊಳೆದುಬಿಡುವ ದೊಡ್ಡ ತಬೇಲೆಗಳು. ಗುಡ್ಡದ ಹೆಂಗಸರು ಸಗಣಿಯನ್ನು ಕುಳ್ಳು ತಟ್ಟಿ ಒಣಗಿಸಿ ಮಾರುತ್ತಾರೆ. ಮಳೆಗಾಲದಲ್ಲಿ ಮಾತ್ರ ಒಣಗುವುದಿಲ್ಲ, ಆಗ ಅವರದೂ ನಾಲೆಗೇ. ಇಂಥ ಸಣ್ಣವರಿಗೆ ವಿನಾಯಿತಿ ಕೊಡಿ ಎಂದು ತಿದ್ದುಪಡಿ ತರಬೇಕು. ಸಣ್ಣವರೆಂದರೆ ಎಷ್ಟು ಎಮ್ಮೆಯವರು? ಮಂತ್ರಿ ಕೇಳುವ ಮೊದಲ ಪ್ರಶ್ನೆಯೇ ಅದು. ಹೀಗಾಗಿ ನನ್ನನ್ನು ಗುಡ್ಡಕ್ಕೆ ಅಟ್ಟಿದರು.

ನಾಲ್ಕು ದಿನ ಹತ್ತಿ ಇಳಿದೆ. ಬೆಳಗಿನ ಹಾಲು ಮುಗಿದ ಮೇಲೆ ಹೋದರೆ ಹೆಂಗಸರು ಮಾತಿಗೆ ಸಿಗುತ್ತಿದ್ದರು, ಎಮ್ಮೆಗಳು ಮೇಲಿನ ಕೆರೆಗೆ ಹೋಗಿರುತ್ತಿದ್ದವು. ನಾನು ಮನೆಯೊಡತಿಯ ಹೆಸರು, ಊರು, ಎಮ್ಮೆ ಎಷ್ಟು, ಹಾಲು ಎಲ್ಲಿಗೆ, ಸಗಣಿ ಎಲ್ಲಿಗೆ ಎಂದು ಐದು ಅಂಕಣ ಗೆರೆ ಎಳೆದು ಬರೆದುಕೊಂಡೆ. ಅವ್ವನನ್ನು ಕೇಳಿದಾಗ ಅವಳು "ಮೂರು ಅದಾವ ತಮ್ಮಾ" ಎಂದಳು. ಪಕ್ಕದವಳು ಎರಡು ಎಂದಳು. ಇಡೀ ಗುಡ್ಡದಲ್ಲಿ ಮೂರರ ಮೇಲೆ ಹೇಳಿದವರು ಒಬ್ಬರೂ ಇಲ್ಲ. ಪಟ್ಟಿ ಎಷ್ಟು ಚೆಂದವಾಗಿತ್ತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಳೆಗಾಲದ ಅಧಿವೇಶನ ಶುರುವಾಯಿತು. ತಿದ್ದುಪಡಿಗೆ ಒಂದು ಕ್ರಮವಿದೆ. ಯಾವ ಕಲಮು, ಎಷ್ಟನೆಯ ಸಾಲು, ಯಾವ ಶಬ್ದದ ನಂತರ ಯಾವ ಶಬ್ದ ಎಂದು ಖಚಿತವಾಗಿ ಬರೆದು ಸಹಿ ಮಾಡಿ, ಆ ಕಲಮು ಚರ್ಚೆಗೆ ಬರುವ ಮುನ್ನ ಸದನದ ಕಚೇರಿಗೆ ಮುಟ್ಟಿಸಬೇಕು. ಒಂದು ಶಬ್ದ ತಪ್ಪಿದರೂ ಅವರು ನಗುತ್ತಲೇ ಹಿಂದಿರುಗಿಸುತ್ತಾರೆ. "ಮೂರಕ್ಕೆ ಮೀರದಷ್ಟು ಜಾನುವಾರು ಸಾಕುವವರಿಗೆ ಈ ಕಲಮು ಅನ್ವಯಿಸತಕ್ಕದ್ದಲ್ಲ" ಎಂದು ಮರಾಠಿಯಲ್ಲಿ ಟೈಪ್ ಮಾಡಿ, ಮಾಸ್ತರರ ಸಹಿ ಪಡೆದು, ಲೋಕಲ್ ಹಿಡಿದು ವಿ.ಟಿ. ಸ್ಟೇಷನ್ನಿಗೆ ಹೋಗಿ, ಸದನದ ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಆ ಖುಷಿಯಲ್ಲಿ, ಮಳೆ ಹನಿಯುತ್ತಿದ್ದರೂ, ಸಂಜೆ ನೇರವಾಗಿ ಗುಡ್ಡಕ್ಕೆ ಹೋದೆ. ಅವ್ವನಿಗೆ ಮೊಹರು ತೋರಿಸಬೇಕಿತ್ತು.

ಎಮ್ಮೆಗಳು ಆಗಷ್ಟೇ ಮೇವು ಮುಗಿಸಿ ಇಳಿದು ಬರುತ್ತಿದ್ದವು. ಅವ್ವನ ಕೊಟ್ಟಿಗೆಗೆ ಒಂದು ನುಗ್ಗಿತು, ಎರಡು, ಮೂರು. ಹಿಂದಿನಿಂದ ಹೊಟ್ಟೆ ತೂಗುತ್ತ ಇನ್ನೆರಡು ಬಂದು ತಮ್ಮ ತಮ್ಮ ಗೂಟದ ಬಳಿ ನಿಂತವು.

"ಇವೆರಡು ಯಾರದ್ದು?" ಎಂದೆ.

"ನಮ್ಮವss."

"ನೀವು ಮೂರು ಅಂದಿದ್ರಲ್ಲ ಅವ್ವಾ?"

"ಹೌದಲ್ಲ, ಮೂರss. ಇವು ಗಬ್ಬದವು." ನನ್ನ ಮುಖ ನೋಡಿ ಅವಳಿಗೆ ನಗು ಬಂತು. "ಗಬ್ಬದ್ದನ್ನ ಯಾರರೆ ಎಣಸತಾರೇನು? ಈದ ಮ್ಯಾಲ ಎಣಸೂದು. ಮೊದಲss ಎಣಸಿದ್ರ ಕಣ್ಣ ಹತ್ತತದ. ನಿಮ್ಮೂರಾಗ ಎಣಸತಾರೇನಪಾ?"

ನಮ್ಮೂರಿನಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ಮನೆಮನೆಗೂ ಓಡಿದೆ. ಎರಡು ಎಂದವಳ ಕೊಟ್ಟಿಗೆಯಲ್ಲಿ ನಾಲ್ಕು, ಮೂರು ಎಂದವಳಲ್ಲಿ ಐದು. ಯಾರೂ ಸುಳ್ಳು ಹೇಳಿರಲಿಲ್ಲ. ಗಬ್ಬದ ಎಮ್ಮೆಯನ್ನು ಬಾಯಿಬಿಟ್ಟು ಎಣಿಸುವುದು ಆ ಜನಕ್ಕೆ ಬಸುರಿಯ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದಷ್ಟು ಅಪಶಕುನ. ನಾನು ಟೈಪ್ ಮಾಡಿ ಮೊಹರು ಹಾಕಿಸಿ ಬಂದ ಆ ಮೂರು ಎಂಬ ಅಂಕಿ ಗುಡ್ಡದ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಹೊರಗೆ ನಿಲ್ಲಿಸಿತ್ತು, ಅವ್ವನನ್ನೂ ಸೇರಿಸಿ.

ಅವಳಿಗೆ ವಿಷಯ ತಿಳಿಸಲೇಬೇಕಾಯಿತು. ಮೂರು ಮಾತ್ರ ಇಟ್ಟುಕೊಳ್ಳಬಹುದು ಎಂದು ಬರೆದಾಗಿದೆ ಎಂದೆ. ಅವಳ ನಗು ಹೋಯಿತು.

"ಅಂದ್ರ ಗಬ್ಬದವನ್ನ ಮಾರಂತೀಯೇನು? ಹಾಲ ಕೊಡಾಕತ್ತಾಗ ಇಟಗೊಂಡು, ಹೊಟ್ಟ್ಯಾಗ ಕರಾ ಇದ್ದಾಗ ಕಟುಕರಿಗೆ ಕೊಡು ಅಂತೀಯೇನು? ದೊಡ್ಡ ತಬೇಲಾದವರು ಮಾಡತಾರ ಹಂಗ. ಬತ್ತಿದ್ದನ್ನ ಮಾರತಾರ, ಹಾಲಿಂದು ತರತಾರ. ನಾ ಮಾಡಂಗಿಲ್ಲ ತಮ್ಮಾ. ನಿಮ್ಮ ಮಾಸ್ತರಗ ಹೇಳು."

ಮರುದಿನ ಬೆಳಿಗ್ಗೆ ಮಾಸ್ತರರ ಮುಂದೆ ನಿಂತು ಎಲ್ಲವನ್ನೂ ಒದರಿಬಿಟ್ಟೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಪಟ್ಟಿಯನ್ನು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎಮ್ಮೆ ಎಷ್ಟು ಎಂಬ ಅಂಕಣದ ತಲೆಬರಹಕ್ಕೆ ಕೆಂಪು ಪೆನ್ಸಿಲಿನಿಂದ ಗೆರೆ ಹೊಡೆದರು. ಉತ್ತರಗಳನ್ನು ಮುಟ್ಟಲಿಲ್ಲ.

"ಹುಡುಗೂರು ಬರೋಬ್ಬರ ಉತ್ತರ ಬರದಾರ. ಪ್ರಶ್ನಾ ತೆಗದವರು ನಾವು ತಪ್ಪಿದ್ದು," ಎಂದರು.

ಐದು ಎಂದು ತಿದ್ದಿ ಹೊಸದಾಗಿ ಕೊಡೋಣ ಎಂದೆ ನಾನು. ಅವರು ಬೇಡವೆಂದು ತಲೆಯಾಡಿಸಿದರು. ಐದು ಎಂದರೆ ದೊಡ್ಡ ತಬೇಲೆಯವರು ಅಳಿಯ, ಮೈದುನ, ಷಡ್ಡಕನ ಹೆಸರಿನಲ್ಲಿ ಐದೈದಾಗಿ ಹಂಚಿಕೊಂಡು ಕೂರುತ್ತಾರೆ, ನಾಲೆ ಈಗಿದ್ದ ಹಾಗೆಯೇ ಇರುತ್ತದೆ. ಕೋಳಿ ಹೆಂಗಸಿಗೆ ಕೊಟ್ಟ ಮಾತು ಏನಾಗಬೇಕು? ಅವರು ಎದ್ದು ಕಿಟಕಿಯ ಬಳಿ ಹೋದರು, ಮತ್ತೆ ಬಂದು ಕೂತರು, ಕಾಲು ಅಲ್ಲಾಡಿಸಿದರು. ಕೊನೆಗೆ ಕೇಳಿದರು:

"ಎಮ್ಮಿ ಎಣಸೂದ ಬಿಟ್ಟಬಿಟ್ರ? ಖಾಡ್ಯಾಗಿನ ಮೀನ ಎಮ್ಮಿ ಎಷ್ಟ ಅಂತ ಕೇಳತದೇನು? ಅದಕ್ಕ ಬೇಕಾದ್ದು ಸಗಣಿ ಬರಬಾರದು ಅಷ್ಟ."

ಹಳೆಯ ತಿದ್ದುಪಡಿಯನ್ನು ವಾಪಸು ಪಡೆದೆವು. ಹೊಸದರಲ್ಲಿ ಅಂಕಿಯೇ ಇರಲಿಲ್ಲ. ಸ್ವಂತ ಕೈಯಿಂದ ಸಾಕುವವರಾಗಿದ್ದು, ಯಾವ ಕೊಟ್ಟಿಗೆಯ ಸಗಣಿ ಗಂಜಲ ಚರಂಡಿಗೂ ನಾಲೆಗೂ ಸೇರದೆ ಅಲ್ಲೇ ಗುಂಡಿಯಲ್ಲಿ ಗೊಬ್ಬರವಾಗುವುದೋ ಆ ಕೊಟ್ಟಿಗೆಯನ್ನು ಸ್ಥಳಾಂತರಿಸಕೂಡದು ಎಂದು ಬರೆದೆವು. ಓದಲು ಬಹಳ ಚೆನ್ನಾಗಿತ್ತು. ಆದರೆ ಗುಡ್ಡದಲ್ಲಿ ಅಂಥ ಗುಂಡಿ ಒಂದೂ ಇರಲಿಲ್ಲ. ಮಸೂದೆಯ ಸರದಿ ಬರಲು ಮೂರೋ ನಾಲ್ಕೋ ವಾರವಿತ್ತು, ಹೊರಗೆ ಮಳೆ ಸುರಿಯುತ್ತಿತ್ತು.

ಮೊದಲ ಗುಂಡಿಯನ್ನು ಅವ್ವನ ಕೊಟ್ಟಿಗೆಯ ಕೆಳಗೆ ತೋಡಿಸಿದೆವು. ಸಗಣಿಯನ್ನು ಕೆಳಕ್ಕೆ ದೂಡುವುದು ಸುಲಭವೆಂದು ಜಾಗ ಆರಿಸಿದವನು ನಾನೇ. ಎರಡನೆಯ ದಿನದ ಜಡಿಮಳೆಗೆ ಗುಡ್ಡದ ನೀರೆಲ್ಲ ಆ ಗುಂಡಿಗೇ ಇಳಿದು, ಅದು ತುಂಬಿ ಉಕ್ಕಿ, ಎರಡು ದಿನ ಬಿಡಿಬಿಡಿಯಾಗಿ ನಾಲೆಗೆ ಹೋಗಬೇಕಾದ ಸಗಣಿ ಒಂದೇ ಮಧ್ಯಾಹ್ನ ಹೋಯಿತು. ಅವ್ವ ಸೆರಗನ್ನು ಬಾಯಿಗೆ ಹಿಡಿದು ನೋಡುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನಗಂತೂ ಆ ಗುಂಡಿಯಲ್ಲೇ ಇಳಿದು ಮುಚ್ಚಿಕೊಳ್ಳೋಣ ಎನಿಸಿತು.

ಆಗ ಮಾಸ್ತರ್ ಪಶು ಇಲಾಖೆಯ ಇನ್‌ಸ್ಪೆಕ್ಟರ್ ಒಬ್ಬರನ್ನು ಹಿಡಿದು ತಂದರು. ತೆಳ್ಳಗಿನ, ಮಾತು ಕಡಿಮೆಯ ಮರಾಠಿ ಗೃಹಸ್ಥರು. ಸರ್ಕಾರದ ಮಸೂದೆಗೆ ವಿರುದ್ಧವಾದ ಕೆಲಸಕ್ಕೆ ಸರ್ಕಾರದ ನೌಕರ ಬರುವಂತಿಲ್ಲ, ಆದ್ದರಿಂದ ಭಾನುವಾರ, ಚಪ್ಪಲಿ ಹಾಕಿಕೊಂಡು, ಬರಿಯ ಸ್ನೇಹಿತನಾಗಿ ಬಂದಿದ್ದೇನೆ ಎಂದು ಮೊದಲೇ ಹೇಳಿಬಿಟ್ಟರು. ಗುಂಡಿಯನ್ನು ನೋಡಿ, "ಇದನ್ನು ತೋಡಿಸಿದ ಪುಣ್ಯಾತ್ಮ ಯಾರು?" ಎಂದು ಮರಾಠಿಯಲ್ಲಿ ಕೇಳಿದರು. ಮಾಸ್ತರ್ ನನ್ನನ್ನು ತೋರಿಸಲಿಲ್ಲ, ಅದು ಅವರ ದೊಡ್ಡತನ.

ಗುಂಡಿ ಕೊಟ್ಟಿಗೆಗಿಂತ ಮೇಲಿರಬೇಕು ಎಂದರು ಇನ್‌ಸ್ಪೆಕ್ಟರ್. ಒಂದಲ್ಲ, ಎರಡು, ಒಂದು ತುಂಬುವಾಗ ಇನ್ನೊಂದು ಮಾಗಬೇಕು. ಸುತ್ತ ಮೊಣಕಾಲೆತ್ತರದ ಮಣ್ಣಿನ ಒಡ್ಡು, ಮೇಲೆ ತಗಡು, ತಳದಲ್ಲಿ ಇಟ್ಟಿಗೆ ಚೂರು. ಎಮ್ಮೆ ಮಲಗುವಲ್ಲಿ ಒಣಹುಲ್ಲು ಹಾಸಿದರೆ ಗಂಜಲವನ್ನು ಅದೇ ಹೀರುತ್ತದೆ, ನೆಲಕ್ಕೆ ನೀರು ಹೊಯ್ದು ತೊಳೆಯಲೇಬಾರದು. ಬೆಳಿಗ್ಗೆ ಆ ಹುಲ್ಲನ್ನೂ ಸಗಣಿಯನ್ನೂ ಪದರಪದರವಾಗಿ ಗುಂಡಿಗೆ ಹಾಕಿ ಮೇಲೆ ಒಲೆಯ ಬೂದಿ ಎರಚಬೇಕು. ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಹೋದೆ. ಅವ್ವ ಕೇಳಿ ಮುಗಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಸಗಣಿ ಹೊತಗೊಂಡು ಮ್ಯಾಲ ಏರೂದಾ? ಈ ಸಾಹೇಬ್ರಿಗೆ ಹೇಳು, ದಿನಾ ಬಂದು ಒಂದ ಬುಟ್ಟಿ ಹೊರಲಿ."

ನಾನು ಸ್ವಲ್ಪ ನಯಮಾಡಿ ಅನುವಾದಿಸಿದೆ. ಇನ್‌ಸ್ಪೆಕ್ಟರಿಗೆ ಅಸಲು ಅರ್ಥವೇ ಆಗಿತ್ತೆಂದು ಕಾಣುತ್ತದೆ. ಪ್ಯಾಂಟ್ ಮಡಿಸಿ ಒಂದು ಬುಟ್ಟಿ ಹೊತ್ತು ಮೇಲೆ ಏರಿ ಇಳಿದರು. ಆಮೇಲೆ ಅವ್ವ ತಕರಾರು ಮಾಡಲಿಲ್ಲ. ಅವಳು ಮಾಡಿದ್ದನ್ನು ನೋಡಿ ಉಳಿದ ಮನೆಯವರೂ ತೋಡಿದರು. ಜಾಗ ಸಾಲದ ನಾಲ್ಕು ಮನೆಯವರಿಗೆ ಮಾತ್ರ ಆಗಲಿಲ್ಲ. ಅವರು ಆಮೇಲೆ ಊರಿನ ದಾರಿ ಹಿಡಿದರು. ಅವರಿಗಾಗಿ ನಮ್ಮಿಂದ ಏನೂ ಮಾಡಲಾಗಲಿಲ್ಲ ಎಂಬ ನೋವು ಇಂದಿಗೂ ಇದೆ.

ಎರಡು ವಾರ ಮಳೆ ಹೊಡೆಯಿತು. ಗುಂಡಿಗಳು ನಿಂತವು. ಮಾಸ್ತರ್ ಖಾಡಿಯ ಕೋಳಿ ಹೆಂಗಸನ್ನು ಕರೆಸಿದರು. ಅವಳು ಏದುಸಿರು ಬಿಡುತ್ತ ಗುಡ್ಡ ಹತ್ತಿ, ತಗಡು ಎತ್ತಿ ಇಣುಕಿ, ಕೊಟ್ಟಿಗೆಯ ಕೆಳಗೆ ಹರಿಯುವ ಮಳೆನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದಳು. ಅವ್ವ ಅವಳ ಬೆನ್ನಿಗೇ ನಿಂತಿದ್ದಳು. ಒಬ್ಬಳಿಗೆ ಕನ್ನಡ ಬಾರದು, ಇನ್ನೊಬ್ಬಳಿಗೆ ಮರಾಠಿ ಅಷ್ಟಕ್ಕಷ್ಟೆ. ಕೋಳಿ ಹೆಂಗಸು ನೀರು ಚೆಲ್ಲಿ ಕೈ ಒರೆಸಿಕೊಂಡು, "ಚಾಂಗ್ಲಂ ಆಹೆ," ಎಂದಳು, ಚೆನ್ನಾಗಿದೆ ಎಂದು. ಅವ್ವ ಒಳಗೆ ಓಡಿ ಹಾಲು ತಂದು ಕೊಟ್ಟಳು. ಆ ದಿನ ಸದನಕ್ಕೆ ಬರೆದ ಅರ್ಜಿಯ ಮೇಲೆ ಎಮ್ಮೆಯವರ ಹೆಬ್ಬೆಟ್ಟೂ ಮೀನಿನವರ ಹೆಬ್ಬೆಟ್ಟೂ ಒಂದೇ ಹಾಳೆಯಲ್ಲಿ ಬಿದ್ದವು. ಮಾಸ್ತರ್ ಅದನ್ನು ಮಡಿಸಲು ಬಿಡಲಿಲ್ಲ. ಲೋಕಲ್‌ನ ನೂಕುನುಗ್ಗಲಿನಲ್ಲಿ ವಿ.ಟಿ. ತನಕ ನಾನು ಅದನ್ನು ಎದೆಗೆ ಹಿಡಿದು ನಿಂತಿದ್ದೆ.

ಚರ್ಚೆಯ ದಿನ ನಾನು ಗ್ಯಾಲರಿಯಲ್ಲಿ ಕೂತಿದ್ದೆ. ನಮ್ಮ ಕಲಮು ಬಂದಾಗ ಮಧ್ಯಾಹ್ನ ದಾಟಿತ್ತು, ಅರ್ಧ ಸದಸ್ಯರು ತೂಕಡಿಸುತ್ತಿದ್ದರು. ಮಾಸ್ತರ್ ಭಾಷಣ ಮಾಡಲಿಲ್ಲ, ಪಾಠ ಮಾಡಿದರು. ಗಬ್ಬದ ಎಮ್ಮೆಯ ಕಥೆಯನ್ನೂ ನಮ್ಮ ತಪ್ಪನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಬತ್ತಿದ ಎಮ್ಮೆಯನ್ನು ಮಾರುವವನಿಗೆ ಕಾನೂನು ಅನುಕೂಲವಾಗಿ, ಗಬ್ಬದ ಎಮ್ಮೆಯನ್ನು ಸಾಕುವವಳಿಗೆ ಅದೇ ಶಿಕ್ಷೆಯಾದರೆ ನಾವು ಯಾರ ಪರ ಎಂದು ಕೇಳಿದರು. ತೂಕಡಿಸುತ್ತಿದ್ದವರಲ್ಲಿ ಕೆಲವರು ಎದ್ದು ಕೂತರು. ಅರ್ಜಿಯನ್ನು ಎತ್ತಿ ತೋರಿಸಿ, ಎಮ್ಮೆಯವರೂ ಮೀನಿನವರೂ ಕೂಡಿ ಕೇಳುತ್ತಿದ್ದಾರೆ ಎಂದಾಗ ಮೇಜು ತಟ್ಟಿದ ಸದ್ದು ನಮ್ಮ ವಿರೋಧ ಪಕ್ಷದ ಕಡೆಯಿಂದಷ್ಟೇ ಅಲ್ಲ, ಸರ್ಕಾರದ ಕಡೆಯಿಂದಲೂ ಬಂತು.

ಮಂತ್ರಿಗಳು ಎದ್ದರು. ತಿದ್ದುಪಡಿಯನ್ನು ಒಪ್ಪಲಾಗದು, ಒಪ್ಪಿದರೆ ಇಡೀ ಮಸೂದೆ ಸಡಿಲವಾಗುತ್ತದೆ ಎಂದರು. ಆದರೆ ಸದಸ್ಯರು ಅದನ್ನು ಹಿಂತೆಗೆದುಕೊಂಡರೆ ಒಂದು ಆಶ್ವಾಸನೆ ಕೊಡುತ್ತೇನೆ ಎಂದರು. ತಪಾಸಣೆಯಲ್ಲಿ ತೇರ್ಗಡೆಯಾದ ಗುಡ್ಡದ ಕೊಟ್ಟಿಗೆಗಳನ್ನು ಎಬ್ಬಿಸುವುದಿಲ್ಲ. ತಪಾಸಣೆಯ ದಿನ ಅಲ್ಲಿ ಇರುವ ಪ್ರತಿ ಪ್ರಾಣಿಯನ್ನೂ ಪಟ್ಟಿಗೆ ಸೇರಿಸಲಾಗುವುದು. ಆಮೇಲೆ ಹೊಸದೊಂದನ್ನೂ ಸೇರಿಸುವಂತಿಲ್ಲ.

ಮಾಸ್ತರ್ ಅರ್ಜಿಯ ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, ಸದನದ ಅನುಮತಿಯಿಂದ ಹಿಂತೆಗೆದುಕೊಳ್ಳುತ್ತೇನೆ ಎಂದರು.

ಮರಳುವ ಲೋಕಲ್‌ನಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. ಅಷ್ಟು ತಿಂಗಳ ಕೆಲಸವನ್ನು ಒಂದು ಬಾಯಿಮಾತಿಗೆ ಮಾರಿಬಂದರಲ್ಲ ಎನಿಸಿತ್ತು. ಕುರ್ಲಾ ದಾಟಿದ ಮೇಲೆ ಅವರೇ ಕನ್ನಡಕ್ಕೆ ಇಳಿದರು.

"ಮತಕ್ಕ ಹಾಕಿದ್ರ ಸೋಲತಿದ್ವಿ. ನನ್ನ ಭಾಷಣ ಪುಸ್ತಕದಾಗ ಉಳೀತಿತ್ತು, ಆಕಿ ಎಮ್ಮಿ ಗುಡ್ಡದಾಗ ಉಳೀತಿರಲಿಲ್ಲ. ನೀ ಸಿಟ್ಟ ಮಾಡಕೋ, ಆದ್ರ ಆಶ್ವಾಸನ ಅಕ್ಷರ ಬಿಡದ ಟೈಪ್ ಮಾಡು. ನಾಳಿಗೆ ಅದss ನಮ್ಮ ಆಯುಧ."

ಮುಖ ನೋಡಿದೆ. ಮನುಷ್ಯ ಬಹಳ ದಣಿದಿದ್ದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ತಪಾಸಣೆ ದಸರೆ ಮುಗಿದ ಮೇಲೆ ಬಂತು. ಭಾನುವಾರ ಬುಟ್ಟಿ ಹೊತ್ತ ಇನ್‌ಸ್ಪೆಕ್ಟರೇ ಈ ಸಲ ಬೂಟು ಹಾಕಿಕೊಂಡು, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ಬಂದರು. ನನ್ನ ಪರಿಚಯವೇ ಇಲ್ಲದವರಂತೆ ನಮಸ್ಕಾರ ಮಾಡಿದರು. ಗುಂಡಿಗಳಿಗೆ ಕೋಲು ಇಳಿಸಿ ಅಳೆದು, ಒಡ್ಡು ಒದ್ದು ನೋಡಿ, ಮನೆಯಿಂದ ಮನೆಗೆ ಬರೆಯುತ್ತ ಹೋದರು. ಅವ್ವನ ಕೊಟ್ಟಿಗೆ ಕೊನೆಯದು. ಅಲ್ಲಿಗೆ ಮುಟ್ಟಿದಾಗ ಎರಡು ಗಬ್ಬದ ಎಮ್ಮೆಗಳಲ್ಲಿ ಒಂದು ಬೆಳಗಿನಿಂದ ಮೇವು ಮುಟ್ಟದೆ ಏಳುತ್ತ ಮಲಗುತ್ತ ಇತ್ತು. ಅವ್ವ ಅದರ ತಲೆಯ ಬಳಿ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

"ಇವತ್ತss ಬರಬೇಕಾಗಿತ್ತೇನು ನೀವು?" ಎಂದಳು.

ನನಗೆ ಆಗ ಹೊಳೆಯಿತು. ಇಂದು ಸಹಿ ಬಿದ್ದರೆ ಹೊಟ್ಟೆಯೊಳಗಿನ ಕರು ಪಟ್ಟಿಯ ಹೊರಗೆ. ನಾಳೆ ಹುಟ್ಟಿದರೆ ಅದು ಸೇರಿಸುವಂತಿಲ್ಲದ ಹೊಸ ಪ್ರಾಣಿ. ಗಬ್ಬದವನ್ನು ಉಳಿಸಲು ಇಷ್ಟೆಲ್ಲ ಹೊಡೆದಾಡಿ, ಅದರ ಕರುವನ್ನು ನಾವೇ ಹೊರಗೆ ಹಾಕುತ್ತಿದ್ದೆವು. ನಾನು ಇನ್‌ಸ್ಪೆಕ್ಟರಿಗೆ ಅದನ್ನು ಹೇಳಹೊರಟೆ. ಅವರು ಕೈಯೆತ್ತಿ ತಡೆದು, ನಿಯಮ ನನಗೂ ಗೊತ್ತು, ನಾಲ್ಕು ಕಾಲ ಮೇಲೆ ನಿಂತ ಪ್ರಾಣಿಯನ್ನು ಮಾತ್ರ ಬರೆಯಬೇಕು ಎಂದರು. ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು ಬೂಟು ಕಳಚಿದರು.

ತೋಳಿಗೆ ಸಾಬೂನು ಹಚ್ಚಿ ಪರೀಕ್ಷಿಸಿ, ಕರುವಿನ ಒಂದು ಮುಂಗಾಲು ಮಡಚಿಕೊಂಡಿದೆ ಎಂದರು. ನಾನದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ಎಮ್ಮೆಯ ಕೊರಳನ್ನು ಎರಡೂ ಕೈಯಿಂದ ಹಿಡಿದಳು. ಎಮ್ಮೆ ಮುಕ್ಕರಿಯುವುದನ್ನು ನಿಲ್ಲಿಸಿದಾಗಲೆಲ್ಲ ಅವರು ಕರುವನ್ನು ಸ್ವಲ್ಪ ಹಿಂದಕ್ಕೆ ದೂಡಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಕಾಲನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗೆ ತಂದರು. ಬೆವರು ಅವರ ಕಣ್ಣಿಗೆ ಇಳಿಯುತ್ತಿತ್ತು. ಅವ್ವ ತನ್ನ ಸೆರಗಿನಿಂದ ಒರೆಸಿದಳು. "ನನ್ನವ್ವಾ, ಇನ್ನೊಂದ ಸಲ, ಇನ್ನೊಂದss ಸಲ," ಎಂದು ಎಮ್ಮೆಗೆ ಹೇಳುತ್ತಲೇ ಇದ್ದಳು. ಕೊನೆಗೆ ಎರಡು ಗೊರಸೂ ಜೊತೆಯಾಗಿ ಕಂಡವು, ಅವುಗಳ ಮೇಲೆ ಮೂಗು. ಇನ್‌ಸ್ಪೆಕ್ಟರ್ ಎಳೆದರು. ಹೆಣ್ಣು ಕರು ಹುಲ್ಲಿನ ಮೇಲೆ ಬಿತ್ತು.

ಅದು ಉಸಿರಾಡಲಿಲ್ಲ. ಅವರು ಅದರ ಮೂಗಿನ ಲೋಳೆ ತೆಗೆದು, ಒಣಹುಲ್ಲಿನಿಂದ ಪಕ್ಕೆ ಉಜ್ಜಿ ಉಜ್ಜಿ, ಹುಲ್ಲಿನ ಎಸಳಿನಿಂದ ಮೂಗು ಕೆದಕಿದರು. ಕರು ಸೀನಿತು. ಅವ್ವ ಗಟ್ಟಿಯಾಗಿ ಅತ್ತುಬಿಟ್ಟಳು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಆದರೆ ಅದು ನಿಲ್ಲಬೇಕಿತ್ತು. ತಾಯಿ ನೆಕ್ಕಿತು, ಕರು ಹಿಂಗಾಲು ಎತ್ತಿ ಮೂತಿಯ ಮೇಲೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ನಾನು ಎತ್ತಿ ನಿಲ್ಲಿಸಹೋದೆ, ಅವ್ವ ಕೈಗೆ ಹೊಡೆದಳು. ಇನ್‌ಸ್ಪೆಕ್ಟರ್ ಗಡಿಬಿಡಿ ಮಾಡಲಿಲ್ಲ. ಕೈ ತೊಳೆದು ನೆಲದ ಮೇಲೆ ಕೂತು ಕಾದರು. ಮಡಚಿಕೊಂಡಿದ್ದ ಕಾಲು ನಡುಗುತ್ತಿತ್ತು. ಐದನೆಯ ಸಲವೋ ಆರನೆಯ ಸಲವೋ ಕರು ನಾಲ್ಕೂ ಕಾಲು ಅಗಲಿಸಿಕೊಂಡು ನಿಂತಿತು, ತೂಗಾಡಿತು, ಬೀಳಲಿಲ್ಲ. ಎರಡು ಹೆಜ್ಜೆ ಇಟ್ಟು ತಾಯಿಯ ಕೆಚ್ಚಲನ್ನು ಹುಡುಕಿತು.

ಇನ್‌ಸ್ಪೆಕ್ಟರ್ ರಿಜಿಸ್ಟರ್ ಕೇಳಿದರು. ಐದು ಎಮ್ಮೆಗಳನ್ನು ಸಾಲಾಗಿ ಬರೆದರು, ಇನ್ನೂ ಈಯದ ಗಬ್ಬದ್ದನ್ನೂ ಸೇರಿಸಿ. ಅದರ ಹೊಟ್ಟೆಯಲ್ಲಿರುವುದರ ಬಗ್ಗೆ ತನ್ನ ಕೈಯಲ್ಲಿ ಏನೂ ಇಲ್ಲವೆಂದರು. ಅವ್ವ ತಲೆಯಾಡಿಸಿದಳು. ಆಮೇಲೆ ಆರನೆಯ ಸಾಲಿನಲ್ಲಿ ಹೆಣ್ಣು ಎಂದು ಬರೆದರು. ಮುಂದಿನ ಅಂಕಣ ವಯಸ್ಸಿನದು. ಅದರಲ್ಲಿ ಮೇಲಿನಿಂದ ಕೆಳಗೆ ಏಳು ವರ್ಷ, ಒಂಬತ್ತು ವರ್ಷ, ಆರು ವರ್ಷ ಎಂದೆಲ್ಲ ಇತ್ತು. ಇನ್‌ಸ್ಪೆಕ್ಟರ್ ಪೆನ್ನು ತಡೆದು ಕೈಗಡಿಯಾರ ನೋಡಿದರು, ಒಂದು ಕ್ಷಣ ಲೆಕ್ಕ ಹಾಕಿ, ಐವತ್ತು ನಿಮಿಷ ಎಂದು ಬರೆದು ಸಹಿ ಮಾಡಿದರು.